ಹೊರಗಿದ್ದ ದಿನಗಳು

ರಾತ್ರಿ ಪಾಳಿ ಮುಗಿಸಿ ಬಂದವಳು
ಕೋಟು ಬಿಚ್ಚದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೇನೆ.
ಗ್ರಿಮ್ಸ್‌ಬಿಯ ಮೇಲೆ ಇನ್ನೂ ಕತ್ತಲು.
ಹಿತ್ತಲ ಬೇಲಿಯಾಚೆ ಮೀನು ಕಾರ್ಖಾನೆಯ ಲಾರಿ
ಕೀಂ ಕೀಂ ಎನ್ನುತ್ತ ಹಿಂದಕ್ಕೆ ಬರುತ್ತಿದೆ.

ಇಪ್ಪತ್ತು ನಿಮಿಷ ಸುಮ್ಮನಿದ್ದರೆ
ಅರ್ಜಿ ನನ್ನನ್ನು ಆಚೆ ಹಾಕುತ್ತದೆ.
ಅದಕ್ಕೇ ಆಗಾಗ ಮೌಸಿನ ಬೆನ್ನು ಸವರುತ್ತೇನೆ:
ಇದೀನಪ್ಪ, ಇದೀನಿ.

ನಿಮಗೆ ಬೇರೆ ಹೆಸರುಗಳಿವೆಯೇ?
ಪಾಸ್‌ಪೋರ್ಟಿನಲ್ಲಿ ಕೆಂಚಾಂಬ. ಅಜ್ಜಿಯ ಹೆಸರು,
ಅಜ್ಜಿಗೆ ಅವಳ ಅಜ್ಜಿಯದು.
ಮನೆಯಲ್ಲಿ ಕೆಂಚಿ.
ಹೆಡ್‌ಮಾಸ್ಟರು ತಾವೇ ನಾಚಿಕೊಂಡು ಕಾಂಚನ ಎಂದು ಬರೆದುಕೊಂಡಿದ್ದರು,
ಅಪ್ಪ ಸೈಕಲ್ಲಿನಲ್ಲಿ ಹೋಗಿ ಜಗಳವಾಡಿ ತಿದ್ದಿಸುವವರೆಗೆ
ಮೂರು ವರ್ಷ ನಾನು ಕಾಂಚನ.
ಇಲ್ಲಿ ಕೇರ್‌ಹೋಮಿನವರಿಗೆ ಕೆನ್.
ಗಂಡಸಿನ ಹೆಸರಂತೆ. ಇರಲಿ.
ಇಷ್ಟೆಲ್ಲ ಹಿಡಿಸುವ ಜಾಗ ಅಲ್ಲಿಲ್ಲ.
'ಇಲ್ಲ' ಎಂದು ಒತ್ತಿದೆ.
ಮೊದಲ ಸುಳ್ಳು.

ಯುದ್ಧಾಪರಾಧ, ನರಮೇಧ, ಬಾಂಬು
ಒಂದೊಂದನ್ನೂ ಇಲ್ಲ ಇಲ್ಲ ಎಂದು ದಾಟಿ
ಎದ್ದು ಹೋಗಿ ಸಣ್ಣ ಉರಿಯಲ್ಲಿ ಹಾಲಿಟ್ಟು ಬಂದೆ.

ಆಮೇಲೆ ಬಂತು ಅದು:
ಐದು ವರ್ಷದಲ್ಲಿ ನೀವು ಹೊರಗಿದ್ದ ದಿನಗಳು.
ಹೋದ ತಾರೀಖು, ಬಂದ ತಾರೀಖು, ಕಾರಣ.

ಹೊರಗೆ ಅಂದರೆ ನಮ್ಮ ಕಡೆ ಬೇರೆ.
ತಿಂಗಳಿಗೆ ಮೂರು ದಿನ
ಜಗಲಿಯ ಮೂಲೆ, ಗೋಣಿತಾಟು, ಸೊಟ್ಟ ತಟ್ಟೆ,
ಮುಟ್ಟದ ಹಾಗೆ ಮೇಲಿಂದ ಬೀಳುವ ಮುದ್ದೆ.
ಯಾರಾದರೂ ಬಂದರೆ ಅಮ್ಮ ದನಿ ತಗ್ಗಿಸುತ್ತಿದ್ದಳು:
'ಕೆಂಚಿ ಹೊರಗವ್ಳೆ.'
ಆ ದಿನಗಳ ಲೆಕ್ಕ ಕೇಳಿದ್ದರೆ
ಕಣ್ಣು ಮುಚ್ಚಿ ಕೊಡುತ್ತಿದ್ದೆ.
ನಾಲ್ಕನೇ ದಿನ ತಲೆಗೆ ನೀರು, ಹೊಸಿಲು ದಾಟಿ ಒಳಗೆ.
ಅರ್ಜಿಯಿಲ್ಲ, ಫೀಸಿಲ್ಲ.

ಇವರ ಹೊರಗು ಅದಲ್ಲ.
ಇವರ ಹೊರಗು ಅರಸೀಕೆರೆ.

ಹದಿನೆಂಟು ದಿನ, ತಂಗಿಯ ಮದುವೆ.
'ರಜೆ' ಎಂದು ಆರಿಸಿದೆ.
ಒಂಬತ್ತು ದಿನ, ಅಪ್ಪ.
ಅವರು ಕೊಟ್ಟ ಪಟ್ಟಿಯಲ್ಲಿ ಅಪ್ಪ ಎಲ್ಲೂ ಕೂರುವುದಿಲ್ಲ.
ಮೇಲೆ ಕೆಳಗೆ ಎರಡು ಸಲ ನೋಡಿ
'ಇತರೆ' ಎಂದೆ.
ಹನ್ನೊಂದರ ತಿಥಿಯ ಹೊತ್ತಿಗೆ ನಾನು ದೋಹಾದಲ್ಲಿ
ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬಾಗಿಲ ನಂಬರಿಗೆ ಕಾಯುತ್ತ.
ಊಟಕ್ಕೆ ಬಂದವರಿಗೆಲ್ಲ ದೊಡ್ಡಪ್ಪ ಹೇಳಿದರಂತೆ:
'ದೊಡ್ಡ ಹುಡುಗೀನಾ? ಅವಳು ಹೊರಗಿದಾಳೆ.'

ಕೂಡಿದರೆ ಇಪ್ಪತ್ತೇಳು.
ವರ್ಷಕ್ಕೆ ನೂರೆಂಬತ್ತು ಮೀರಬಾರದಂತೆ.
ಇಷ್ಟು ಕಡಿಮೆ ಅಂಕಕ್ಕೆ
ನಾನು ಪಾಸಾದದ್ದು ಇದೇ ಮೊದಲು.

ಎಂಟನೇ ಕೋಣೆಯ ಡೋರೀನ್ ಅಕೆಸ್ಟರ್, ತೊಂಬತ್ತೊಂದು,
ನಾಲ್ಕು ವರ್ಷದಿಂದ ಪ್ರತಿ ಬೆಳಗಿನ ಜಾವ ಕೇಳುತ್ತಾಳೆ:
'ಹೊಸಬಳಾ? ನಿನ್ನನ್ನು ಯಾರು ಒಳಗೆ ಬಿಟ್ಟರು?'
ಪೂರ್ತಿ ಹೆಸರು ಹೇಳುತ್ತೇನೆ. ಕೆಂಚಾಂಬ.
ಹರೆಯದಲ್ಲಿ ಬಂದರಿನಲ್ಲಿ ಮೀನು ಸೀಳುತ್ತಿದ್ದವಳು,
ನನ್ನ ಕೈ ಹಿಡಿದು ಆ ಕಡೆ ಈ ಕಡೆ ತಿರುಗಿಸಿ
ನಿನ್ನೆಯದೋ ಇವತ್ತಿನದೋ ಎಂಬಂತೆ ನೋಡಿ
'ಸರಿ, ಟೀ ಮಾಡು' ಎನ್ನುತ್ತಾಳೆ.
ಒಂದು ದಿನಕ್ಕೆ ಸಾಕು.
ಮಾರನೆಯ ದಿನ ಮತ್ತೆ ಯಾರು ಬಿಟ್ಟರು.

ಈ ಸಲ ಕಾರ್ಡು ಕೊಡುವುದಿಲ್ಲವಂತೆ,
ಎಲ್ಲ ಒಂದು ಪಾಸ್‌ವರ್ಡಿನ ಹಿಂದೆ ಇರುತ್ತದಂತೆ.
ಹಳೆಯದು, ಅವಧಿ ತೀರಿದ್ದು, ಪರ್ಸಿನಲ್ಲೇ ಇದೆ.
ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಕೆರೆಯಲು
ಅದಕ್ಕಿಂತ ಗಟ್ಟಿಯಾದದ್ದು ನನಗೆ ಸಿಕ್ಕಿಲ್ಲ.
ಮುಖವಿರುವ ತುದಿಯನ್ನು ಹಿಡಿದುಕೊಂಡು
ಇನ್ನೊಂದು ಅಂಚಿನಿಂದ ಕೆರೆಯುತ್ತೇನೆ,
ರಸ್ತೆ ಕಂಡರೆ ಸಾಕು, ಅಂಗೈಯಗಲ.

ಪರದೆಯ ಮೇಲೆ ಸಣ್ಣದೊಂದು ಕಿಟಕಿ ತೆರೆದಿದೆ.
ಇನ್ನೂ ಇದ್ದೀರಾ? ಎರಡು ನಿಮಿಷ ಉಳಿದಿದೆ.

ಒಳಗೆ ಹಾಲು ಉಕ್ಕಿದ ವಾಸನೆ.